ಗುರುವಿಗೆ ಶನಿಯನ್ನು ಕೂಡಿದರೆ ಎಷ್ಟು?

ಜಾತಕದಲ್ಲಲ್ಲ, ತಕ್ಕಡಿಯಲ್ಲಿ. ಗುರು ಗ್ರಹದ ದ್ರವ್ಯರಾಶಿ 1.898 × 10²⁷ ಕೆ.ಜಿ., ಶನಿಯದು 5.683 × 10²⁶ ಕೆ.ಜಿ. ಎರಡೂ ಸೇರಿ ಎಷ್ಟಾಗುತ್ತದೆ? ಮೊನ್ನೆ ಅಕ್ಕನ ಮಗಳಿಗೆ ಕೇಳಿದೆ. ಥಟ್ಟನೆ ಬರೆದಳು: 7.581 × 10⁵³. ಕೆಳಗಿನದಕ್ಕೆ ಕೆಳಗಿನದು, ಮೇಲಿನದಕ್ಕೆ ಮೇಲಿನದು ಕೂಡಿಬಿಟ್ಟಿದ್ದಳು. ಸೂರ್ಯನದೇ ಸುಮಾರು 2 × 10³⁰ ಕೆ.ಜಿ. ನೋಟ್‌ಬುಕ್ಕಿನಲ್ಲಿ ಎರಡು ಗ್ರಹ ಸೇರಿ ಸೂರ್ಯನನ್ನೇ ನುಂಗಿಹಾಕಿದ್ದವು!

ಈ ತಪ್ಪು ಬರುವುದಕ್ಕೆ ಕಾರಣವಿದೆ. ಗುಣಾಕಾರದಲ್ಲಿ 10ರ ತಲೆಯ ಮೇಲಿನ ಪುಟ್ಟ ಅಂಕಿಗಳನ್ನು, ಅಂದರೆ ಘಾತಗಳನ್ನು, ಕೂಡುತ್ತೇವೆ. ಅದೇ ಅಭ್ಯಾಸ ಸಂಕಲನಕ್ಕೂ ಬಂದುಬಿಡುತ್ತದೆ.

ಲಕ್ಷ, ಕೋಟಿ ಬಳಸುವ ನಮಗೆ ಇದರ ಗುಟ್ಟು ಆಗಲೇ ಗೊತ್ತು. 3 ಕೋಟಿಗೆ 40 ಲಕ್ಷ ಕೂಡಿ ಅಂದರೆ ಯಾರೂ 43 ಅನ್ನುವುದಿಲ್ಲ, ಅಲ್ವಾ? 40 ಲಕ್ಷ ಅಂದರೆ 0.4 ಕೋಟಿ. ಒಟ್ಟು 3.4 ಕೋಟಿ. ಲಕ್ಷ ಅಂದರೆ 10⁵, ಅಂದರೆ 1ರ ಪಕ್ಕ ಐದು ಸೊನ್ನೆ; ಕೋಟಿ ಅಂದರೆ 10⁷, ಏಳು ಸೊನ್ನೆ. ಗ್ರಹಗಳ ಲೆಕ್ಕವೂ ಇದೇ, ಸೊನ್ನೆಗಳು ಜಾಸ್ತಿ ಅಷ್ಟೇ.

ಮೊದಲ ಹೆಜ್ಜೆ: ಘಾತ ಸಮ ಮಾಡಿ. ಚಿಕ್ಕ ಘಾತವನ್ನು ದೊಡ್ಡದರ ಮಟ್ಟಕ್ಕೆ ಏರಿಸುವುದು ಸುಲಭ. ಶನಿಯ 26 ಅನ್ನು 27 ಮಾಡೋಣ. ಘಾತ ಎಷ್ಟು ಮೆಟ್ಟಿಲು ಹತ್ತುತ್ತದೋ, ದಶಮಾಂಶದ ಚುಕ್ಕಿ ಅಷ್ಟು ಮನೆ ಎಡಕ್ಕೆ ಸರಿಯಬೇಕು. ಹಾಗಾಗಿ 5.683 × 10²⁶ ಎಂಬುದು 0.5683 × 10²⁷ ಆಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಚುಕ್ಕಿಯನ್ನು ಬಲಕ್ಕೆ ಸರಿಸಿದರೆ 56.83 × 10²⁷ ಬರುತ್ತದೆ, ಶನಿ ಗುರುವಿಗಿಂತ ದೊಡ್ಡವನಾಗಿಬಿಡುತ್ತಾನೆ! ಚಿಕ್ಕದು ಚಿಕ್ಕದಾಗಿಯೇ ಉಳಿದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಎರಡನೆಯದು: ಚುಕ್ಕಿಯ ಕೆಳಗೆ ಚುಕ್ಕಿ ಬರುವಂತೆ ಬರೆದು ಕೂಡಿ. 1.8980 + 0.5683 = 2.4663. ಘಾತವನ್ನು ಮುಟ್ಟಬೇಡಿ. ಉತ್ತರ 2.4663 × 10²⁷ ಕೆ.ಜಿ. ಗುರುವಿನ ಅಂಕಿ ಮೂರೇ ದಶಮಾಂಶ ಸ್ಥಾನದ್ದು, ಹಾಗಾಗಿ ಬರೆಯುವಾಗ 2.466 × 10²⁷ ಸಾಕು.

ಮೂರನೆಯದು ಕೆಲವೊಮ್ಮೆ ಮಾತ್ರ ಬೇಕು. ಶುಕ್ರ 4.867 × 10²⁴ ಕೆ.ಜಿ., ಭೂಮಿ 5.972 × 10²⁴ ಕೆ.ಜಿ. ಘಾತ ಮೊದಲೇ ಸಮ ಇದೆ, ಸುಮ್ನೆ ಕೂಡಿದರಾಯಿತು: 10.839 × 10²⁴. ಆದರೆ ಈ ರೂಪದಲ್ಲಿ ‘× 10’ಕ್ಕೆ ಮೊದಲು ಬರುವ ಸಂಖ್ಯೆ 1 ಅಥವಾ ಅದಕ್ಕಿಂತ ಹೆಚ್ಚಿರಬೇಕು, 10ಕ್ಕಿಂತ ಕಡಿಮೆ ಇರಬೇಕು. ಆದ್ದರಿಂದ ಚುಕ್ಕಿಯನ್ನು ಒಂದು ಮನೆ ಎಡಕ್ಕೆ ತಂದು, ಘಾತಕ್ಕೆ ಒಂದು ಸೇರಿಸಿ: 1.0839 × 10²⁵.

ಕ್ಯಾಲ್ಕುಲೇಟರ್ ಇದ್ದರೆ ಇದೆಲ್ಲ ಯಾಕೆ ಅನ್ನಬಹುದು. ನಾನೂ ಅಂದುಕೊಂಡಿದ್ದೆ. ಅದರಲ್ಲಿ ಘಾತ ಹಾಕಲು ಇರುವ ‘ಎಕ್ಸ್‌ಪಿ’ (EXP) ಗುಂಡಿಯಲ್ಲೇ ‘× 10’ ಅಡಗಿದೆ. ಇದು ಗೊತ್ತಿಲ್ಲದೆ 1.898 × 10 ಅಂತ ಒತ್ತಿ, ಆಮೇಲೆ ಆ ಗುಂಡಿ, ಆಮೇಲೆ 27 ಒತ್ತಿದ್ದೆ. ಉತ್ತರ ಹತ್ತು ಪಟ್ಟು ಊದಿಕೊಂಡಿತ್ತು.

ಇನ್ನು ಸೂರ್ಯನಿಗೆ ಭೂಮಿಯನ್ನು ಕೂಡಿ ನೋಡಿ. ಸೂರ್ಯ 1.989 × 10³⁰ ಕೆ.ಜಿ. ಭೂಮಿಯ ಘಾತ ಆರು ಮೆಟ್ಟಿಲು ಹತ್ತಬೇಕು, ಚುಕ್ಕಿ ಆರು ಮನೆ ಎಡಕ್ಕೆ: 0.000005972 × 10³⁰. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಕಾಗದದ ಮೇಲೆ ಮೊತ್ತ 1.989005972 ಅಂತ ಬರುತ್ತದೆ, ನಿಜ. ಆದರೆ ಸೂರ್ಯನ ಅಂಕಿಯನ್ನೇ ನಾವು ಮೂರು ದಶಮಾಂಶ ಸ್ಥಾನಕ್ಕೆ ನಿಲ್ಲಿಸಿದ್ದೇವೆ. ಅದರಾಚೆಯ ಅಂಕಿಗಳಿಗೆ ಇಲ್ಲಿ ಬೆಲೆಯಿಲ್ಲ. ಬರೆಯಬೇಕಾದ ಉತ್ತರ ಮತ್ತೆ ಅದೇ 1.989 × 10³⁰ ಕೆ.ಜಿ.