ಮುರುಗಲ ಕ್ರೀಮಿನ ಸುರಕ್ಷತೆಯನ್ನು ಪ್ರಾಣಿಗಳ ಹಂಗಿಲ್ಲದೆ ಸಾಬೀತುಪಡಿಸಿದ ನನ್ನ ಅನುಭವ

ಶಿರಸಿಯ ಸಮೀಪದ ನಮ್ಮ ಸಣ್ಣ ಘಟಕದಲ್ಲಿ ಮುರುಗಲ ತುಪ್ಪದಿಂದ ತಯಾರಾಗುವ ಮುಖದ ಕ್ರೀಮಿನ ಸುರಕ್ಷತಾ ಕಡತವನ್ನು ಜರ್ಮನಿಯ ಖರೀದಿದಾರರ ಪರಿಶೀಲಕರು ಈ ವರ್ಷ ಒಪ್ಪಿಕೊಂಡರು. ನಮ್ಮ ಕ್ರೀಮಿಗೆ ಸಂಬಂಧಿಸಿದಂತಾಗಲಿ, ನಾವು ಗೊತ್ತುಪಡಿಸಿದ ದಿನಾಂಕದ ನಂತರ ಅದರ ಯಾವುದೇ ಕಚ್ಚಾವಸ್ತುವಿಗೆ ಸಂಬಂಧಿಸಿದಂತಾಗಲಿ, ಪ್ರಾಣಿಯ ಮೇಲೆ ನಡೆಸಿದ ಒಂದು ಪರೀಕ್ಷೆಯೂ ಆ ಕಡತದಲ್ಲಿಲ್ಲ. ನಮ್ಮಂಥವರಿಗೆ ಇದು ಎಟುಕುವ ಕೆಲಸವಲ್ಲವೆಂದು ಹೇಳಿದವರು ಅನೇಕರಿದ್ದರು. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲವೆಂದು ಸೂಚಿಸುವ ಮೊಲದ ಚಿತ್ರವನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿದರೆ ಸಾಕು, ಕೇಳುವವರು ಯಾರೂ ಇಲ್ಲ ಎಂದು ಸಲಹೆಗಾರರೊಬ್ಬರು ಶುಲ್ಕ ತೆಗೆದುಕೊಂಡೇ ಹೇಳಿದ್ದರು.

ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರ ಮೇ ತಿಂಗಳಿನಿಂದಲೂ, ಹಾಗೆ ಪರೀಕ್ಷಿಸಿದವುಗಳ ಆಮದು ಅದೇ ವರ್ಷದ ನವೆಂಬರಿನಿಂದಲೂ ನಿಷಿದ್ಧ. ಆದ್ದರಿಂದ ಇಲ್ಲಿ ತಯಾರಾದದ್ದೆಲ್ಲವೂ ನಿರ್ದೋಷಿಯೇ ಎಂಬ ವಾದವನ್ನು ಸಹೋದ್ಯೋಗಿಗಳಿಂದ ಬಹಳ ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಕಚ್ಚಾವಸ್ತುವಿನ ತಯಾರಕರು ಅದೇ ವಸ್ತುವನ್ನು ರಾಸಾಯನಿಕಗಳ ಕಾನೂನಿನಡಿ ಪ್ರಾಣಿಗಳ ಮೇಲೆ ಪರೀಕ್ಷಿಸುವ ಸಂದರ್ಭ ಈಗಲೂ ಬರುತ್ತದೆ. 2013ರಲ್ಲಿ ಸಂಪೂರ್ಣ ಮಾರಾಟ ನಿಷೇಧವನ್ನು ತಂದ ಐರೋಪ್ಯ ಒಕ್ಕೂಟದಲ್ಲಿಯೇ, ಹೋಮೋಸಲೇಟ್ ಎಂಬ ಬಿಸಿಲುರೋಧಕಕ್ಕೆ ಕಾರ್ಮಿಕರ ಸುರಕ್ಷತೆಯ ಕಾರಣ ಕೊಟ್ಟು ರಾಸಾಯನಿಕಗಳ ಸಂಸ್ಥೆ ಪ್ರಾಣಿ ಪರೀಕ್ಷೆಯನ್ನು ಕೇಳಿತು. 2023ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಓದಿದ ಮೇಲೆ ನಾನು ಹಗಲು ಕ್ರೀಮಿನ ಯೋಜನೆಯಿಂದ ಅಂಥ ರೋಧಕಗಳನ್ನು ತೆಗೆದುಹಾಕಿದೆ.

ಎಂದೋ ಒಮ್ಮೆ ಪ್ರಾಣಿಯ ಮೇಲೆ ಪ್ರಯೋಗವಾಗದ ವಸ್ತು ಸಿಗುವುದು ಬಹಳ ಕಷ್ಟ. ಆದ್ದರಿಂದ ಕ್ರೌರ್ಯರಹಿತ ಉತ್ಪನ್ನಗಳಿಗೆ ಪ್ರಮಾಣಪತ್ರ ಕೊಡುವ ಲೀಪಿಂಗ್ ಬನ್ನಿ ಪದ್ಧತಿಯಲ್ಲಿರುವಂತೆ, ಇದಾದ ಮೇಲೆ ಪರೀಕ್ಷೆ ನಡೆದಿರಬಾರದು ಎಂಬ ಒಂದು ಗಡಿ ದಿನಾಂಕ ಇಟ್ಟುಕೊಳ್ಳುವುದೇ ಪ್ರಾಮಾಣಿಕ ದಾರಿ. ನಾವು 1 ಜನವರಿ 2021 ಎಂದು ಗೊತ್ತುಮಾಡಿಕೊಂಡೆವು. ಪೂರೈಕೆದಾರರಿಗೆ ‘ನಿಮ್ಮ ವಸ್ತು ಕ್ರೌರ್ಯರಹಿತವೇ’ ಎಂದು ಬರೆದ ಮೊದಲ ಸುತ್ತಿನ ಪತ್ರಗಳಿಗೆ ಎಲ್ಲರಿಂದಲೂ ‘ಹೌದು’ ಎಂಬ ಉತ್ತರ ಬಂತು, ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಎರಡನೆಯ ಸುತ್ತಿನಲ್ಲಿ ಒಂದೊಂದು ವಸ್ತುವಿಗೂ ಪ್ರತ್ಯೇಕ ಹಾಳೆ ಮಾಡಿ, ಮಧ್ಯವರ್ತಿಯನ್ನು ಬಿಟ್ಟು ಮೂಲ ತಯಾರಕರ ಹೆಸರು, ವಸ್ತುವಿನ ಸಿಎಎಸ್ ಸಂಖ್ಯೆ (ರಾಸಾಯನಿಕಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ಗಡಿ ದಿನಾಂಕದ ನಂತರ ತಾವಾಗಲಿ ತಮ್ಮ ಪರವಾಗಿ ಬೇರೆಯವರಾಗಲಿ ಯಾವ ದೇಶದ ಯಾವ ಕಾನೂನಿಗಾಗಿ ಪರೀಕ್ಷೆ ನಡೆಸಿದ್ದಾರೆ ಎಂಬ ವಿವರ, ಅದರ ಕೆಳಗೆ ಜವಾಬ್ದಾರ ಅಧಿಕಾರಿಯ ಸಹಿ ಇಷ್ಟನ್ನೂ ಕೇಳಿದೆವು. ಮೂವತ್ತರಷ್ಟು ವಸ್ತುಗಳಲ್ಲಿ ಹದಿನೆಂಟಿಪ್ಪತ್ತಕ್ಕೆ ಉತ್ತರ ಸರಾಗವಾಗಿ ಬಂತು. ಉಳಿದವಕ್ಕೆ ಆರು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮೌನವಾಗಿಯೇ ಉಳಿದವರ ಎಮಲ್ಸಿಫೈಯರ್ (ಎಣ್ಣೆ-ನೀರನ್ನು ಬೆರೆಸಿಡುವ ವಸ್ತು) ಮತ್ತು ಒಂದೆರಡು ಸುಗಂಧಗಳನ್ನು ಕೈಬಿಟ್ಟೆವು. ಆ ಪತ್ರದ ಒಕ್ಕಣೆಯಲ್ಲಿ ಉತ್ತರ ಹೊರಡಿಸುವ ಒಂದು ವಾಕ್ಯವಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಹಣ ಕರಗಿದ್ದು ಕ್ರೀಮು ಕೆಡದಂತೆ ಕಾಯುವ ಸಂರಕ್ಷಕದಲ್ಲಿ. ಪೂರೈಕೆದಾರರಿಂದ ಸಹಿಯಾದ ಆ ಘೋಷಣಾ ಪತ್ರ ದೊರೆತ ಸೋಡಿಯಂ ಬೆಂಜೊಯೇಟ್ ಮತ್ತು ಪೊಟ್ಯಾಸಿಯಂ ಸಾರ್ಬೇಟ್ ಜೋಡಿಯನ್ನೇ ನೆಚ್ಚಿಕೊಂಡಿದ್ದೆವು. ಶಿರಸಿಯ ಮಳೆಗಾಲ ಎಂಥದ್ದೆಂದು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ಆಷಾಢದಲ್ಲಿ ತುಂಬಿಸಿಟ್ಟ ಡಬ್ಬಿಗಳ ಮುಚ್ಚಳದ ಒಳಗೆ ಬೂಷ್ಟು ಬಂದಿತ್ತು. ಬೇಕೆಂದೇ ಸೂಕ್ಷ್ಮಜೀವಿಗಳನ್ನು ಬೆರೆಸಿ ಸಂರಕ್ಷಕದ ಶಕ್ತಿಯನ್ನು ನೋಡುವ ಚಾಲೆಂಜ್ ಟೆಸ್ಟಿನಲ್ಲಿ ಬ್ಯಾಕ್ಟೀರಿಯಾಗಳು ಕುಗ್ಗಿದರೂ ಆಸ್ಪರ್ಜಿಲಸ್ ಶಿಲೀಂಧ್ರ 28ನೆಯ ದಿನಕ್ಕೂ ಜಗ್ಗಲಿಲ್ಲ. ಒಂದೊಂದು ಟೆಸ್ಟಿಗೆ ಹನ್ನೆರಡು ಹದಿಮೂರು ಸಾವಿರ ರೂಪಾಯಿ, ಅದರ ಜೊತೆಗೆ ತಿಂಗಳ ಕಾಯುವಿಕೆ. ಒಟ್ಟಿನಲ್ಲಿ ಅರವತ್ತು ಸಾವಿರದ ಹತ್ತಿರ ಇದಕ್ಕೇ ಹೋಯಿತು. ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ ಮಟ್ಟವನ್ನು 5ಕ್ಕಿಂತ ತುಸು ಕೆಳಗೆ ತಂದು, ಸಂರಕ್ಷಕಕ್ಕೆ ಬಲ ಕೊಡುವ ಸೋಡಿಯಂ ಫೈಟೇಟನ್ನೂ ಗ್ಲಿಸರಿಲ್ ಕ್ಯಾಪ್ರಿಲೇಟನ್ನೂ ಸೇರಿಸಿದಾಗ ಕೊನೆಗೂ ಗೆದ್ದೆವು. ಯಾವುದನ್ನು ಯಾವ ಹಂತದಲ್ಲಿ ಸೇರಿಸಬೇಕೆಂಬುದು ಇಲ್ಲಿ ಮುಖ್ಯ. ನಿಮ್ಮ ತುಪ್ಪದ ಗುಣಕ್ಕೆ ತಕ್ಕಂತೆ ಅದನ್ನು ನೀವೇ ಕಂಡುಕೊಳ್ಳಬೇಕು.

ಕೆರಳಿಕೆಯ ಪರೀಕ್ಷೆಯನ್ನು ಒಪ್ಪಿಗೆ ಕೊಟ್ಟ 24 ಮಂದಿ ವಯಸ್ಕರ ಬೆನ್ನಿನ ಮೇಲೆ, ಚರ್ಮವೈದ್ಯರ ಮೇಲ್ವಿಚಾರಣೆಯಲ್ಲಿ ಪ್ಯಾಚ್ ಟೆಸ್ಟ್ (ಕ್ರೀಮನ್ನು ಚರ್ಮಕ್ಕೆ ಪಟ್ಟಿಯಲ್ಲಿ ಅಂಟಿಸಿ ನೋಡುವ ಪರೀಕ್ಷೆ) ಆಗಿ ಮಾಡಿಸಿದೆವು. ಮಜ್ಜಿಗೆ ಹುಲ್ಲಿನ ಎಣ್ಣೆಯಿದ್ದ ಮಾದರಿ ಮೂರ್ನಾಲ್ಕು ಜನರಲ್ಲಿ ಕೆಂಪು ತರಿಸಿತು. ಗಿರಾಕಿಗಳು ಮೆಚ್ಚಿದ್ದ ಆ ಪರಿಮಳವನ್ನು ತೆಗೆದುಹಾಕಿ ಮತ್ತೊಮ್ಮೆ ಮಾಡಿಸಿದಾಗ ಯಾರಲ್ಲಿಯೂ ಏನೂ ಕಾಣಿಸಲಿಲ್ಲ. ಎರಡೂ ಸೇರಿ ಮೂವತ್ತೈದು ಸಾವಿರದಷ್ಟಾಯಿತು. ಮೊಲದ ಚರ್ಮ ಹೇಳುವ ಉತ್ತರಕ್ಕಿಂತ ಕ್ರೀಮನ್ನು ಬಳಸುವ ಮನುಷ್ಯರ ಚರ್ಮ ಹೇಳುವ ಉತ್ತರ ನನಗೆ ಹೆಚ್ಚು ನಂಬಿಕೆಯದು. ಜಾನ್ ಡ್ರೇಜ್ 1944ರಲ್ಲಿ ರೂಪಿಸಿದ ಮೊಲದ ಪರೀಕ್ಷೆಯ ಅಂಕಪಟ್ಟಿಯಿಂದಲೇ ಇಂದಿಗೂ ಈ ಕೆಂಪನ್ನು ಅಳೆಯುತ್ತಾರೆಂಬುದು ತಿಳಿದಾಗ ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ಇದರ ಮೇಲೂ ಜರ್ಮನಿಯವರಿಗೆ ಪ್ರಯೋಗಾಲಯದ ಮಾಹಿತಿ ಬೇಕಾಗಿತ್ತು. ಮನುಷ್ಯರ ಕೋಶಗಳಿಂದ ಬೆಳೆಸಿದ ಚರ್ಮದ ಪದರದ ಮೇಲೆ ಓಇಸಿಡಿ (ಪರೀಕ್ಷಾ ಮಾರ್ಗಸೂಚಿಗಳನ್ನು ಪ್ರಕಟಿಸುವ ಅಂತರರಾಷ್ಟ್ರೀಯ ಸಂಸ್ಥೆ) 439 ವಿಧಾನದಲ್ಲಿ ಪರೀಕ್ಷಿಸಿದಾಗ ಶೇಕಡಾ ಎಂಬತ್ತೈದಕ್ಕಿಂತ ಹೆಚ್ಚು ಕೋಶಗಳು ಜೀವಂತವಾಗಿ ಉಳಿದವು; ಶೇ. 50 ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ಕೆರಳಿಸುವ ವಸ್ತುವೆಂದು ಲೆಕ್ಕ. ಎಪ್ಪತ್ತು ಸಾವಿರದ ಆಸುಪಾಸಿನ ಖರ್ಚು. ಕಣ್ಣಿನ ವಿಷಯದಲ್ಲಿ ಪ್ರಯೋಗಾಲಯದವರು ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಬಳಸುವ ಅಗ್ಗದ ವಿಧಾನವನ್ನು ಸೂಚಿಸಿದ್ದರು. ಜೀವಂತ ಪ್ರಾಣಿಯ ಬಳಕೆ ಅದರಲ್ಲಿಲ್ಲವೆಂಬುದು ನಿಜ, ಆದರೂ ನಾನು ಒಪ್ಪಲಿಲ್ಲ; ಮನುಷ್ಯರ ಕೋಶಗಳಿಂದ ಬೆಳೆಸಿದ ಕಾರ್ನಿಯಾದಂಥ ಪದರದ ಮೇಲಿನ ಓಇಸಿಡಿ 492 ವಿಧಾನಕ್ಕೆ ಹೆಚ್ಚಿನ ಹಣ ಕೊಟ್ಟೆ. ಪ್ರಾಣಿರಹಿತವೆಂದು ಹೇಳಿಕೊಳ್ಳುವ ಯಾರೇ ಆಗಲಿ ಪ್ರಯೋಗಾಲಯಕ್ಕೆ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು.

ಇದೇ ಹೊತ್ತಿನಲ್ಲಿ ತುಟಿಯ ಬಾಮಿನ ಮೇಲೂ ಕೈಯಾಡಿಸಿದೆ. ಜೇನುಮೇಣದ ಜಾಗಕ್ಕೆ ಅಕ್ಕಿ ತೌಡಿನ ಮೇಣ ಸುಲಭವಾಗಿ ಒಗ್ಗಿತು. ಆದರೆ ನಿಧಾನವಾಗಿ ಆರಿದರೆ ಮುರುಗಲ ತುಪ್ಪ ರವೆಗಟ್ಟುತ್ತದೆ, ಅದನ್ನು ತಪ್ಪಿಸುವ ಉಷ್ಣಾಂಶವನ್ನು ಹಿಡಿಯಲು ಒಂದು ಬೇಸಿಗೆಯೇ ಕಳೆಯಿತು. ಕೀಟಗಳನ್ನು ಕೊಂದು ತೆಗೆಯುವ ಕಾರ್ಮೈನ್ ಬೇಡವೆಂದು ಮುರುಗಲ ಸಿಪ್ಪೆಯ ಕೆಂಪನ್ನೇ ಪ್ರಯತ್ನಿಸಿದೆ. ಅದು ನೀರಿನಲ್ಲಿ ಕರಗುವ ಬಣ್ಣವಾದ್ದರಿಂದ ತುಪ್ಪಕ್ಕೆ ಇಳಿಯಲೇ ಇಲ್ಲ. ರತನ್‌ಜೋತ್ ಬೇರು ಎಣ್ಣೆಗೆ ಸೊಗಸಾದ ಕೆಂಪು ಕೊಟ್ಟಿತು, ಅದು ಸದ್ಯ ಮನೆ ಬಳಕೆಗೆ ಮಾತ್ರ. ಮಾರುವ ಬಾಮಿಗೆ ಐರನ್ ಆಕ್ಸೈಡನ್ನೇ ಹಾಕುತ್ತೇವೆ.

ಪತ್ರವ್ಯವಹಾರ, ಪರೀಕ್ಷೆ, ಎಸೆದ ಬ್ಯಾಚುಗಳು ಎಲ್ಲ ಸೇರಿ ಮೂರು ಲಕ್ಷಕ್ಕಿಂತ ತುಸು ಹೆಚ್ಚು ಖರ್ಚಾಗಿರಬಹುದು. ಐವತ್ತು ಗ್ರಾಂ ಡಬ್ಬಿಗೆ ನಲವತ್ತು ರೂಪಾಯಿಯಷ್ಟು ಬೆಲೆ ಏರಿಸಿ ಅದನ್ನು ಎರಡು ವರ್ಷಕ್ಕೆ ಹಂಚಿದ್ದೇವೆ, ಹಳೆಯ ಗಿರಾಕಿಗಳು ಬಹುಪಾಲು ಉಳಿದುಕೊಂಡಿದ್ದಾರೆ. ಘೋಷಣಾ ಪತ್ರಗಳನ್ನು ಪ್ರತಿ ಜನವರಿಯಲ್ಲಿ ಹೊಸದಾಗಿ ತರಿಸಬೇಕು. ಈ ಬಾರಿ ಇಬ್ಬರು ಪೂರೈಕೆದಾರರು ನಾವು ಕೇಳುವ ಮೊದಲೇ ಕಳುಹಿಸಿಕೊಟ್ಟರು.