ಕಾಗದಕ್ಕೊಂದು ನಂಬರ್: ಎರಡು ಸಲ ಸ್ಟಿಕ್ಕರ್ ಅಂಟಿಸಿದ ನನ್ನ ಅನುಭವ

ನಮ್ಮ ಮನೆಯ ಕಾಗದಪತ್ರಗಳಿಗೆಲ್ಲ ನಾನು ಎರಡು ಸಲ ಕ್ಯುಆರ್ ಸ್ಟಿಕ್ಕರ್ ಅಂಟಿಸಿದ್ದೇನೆ. ಮೊದಲ ಸಲ ಅಂಟಿಸಿದ 140 ಸ್ಟಿಕ್ಕರ್‌ಗಳನ್ನು ಕೂತು ಉಗುರಿನಲ್ಲಿ ಕೆರೆದು ತೆಗೆದವನೂ ನಾನೇ.

ಶುರುವಾಗಿದ್ದು ವಾಷಿಂಗ್ ಮಷಿನ್ ಕೆಟ್ಟ ದಿನ. ಅದರ ಕೈಪಿಡಿ ಬೀರುವಿನಲ್ಲಿ, ಬಿಲ್ಲಿನ ಫೋಟೊ ಫೋನಿನಲ್ಲಿ, ಹಿಂದೆ ರಿಪೇರಿ ಮಾಡಿದವರ ನಂಬರ್ ಯಾವುದೋ ಹಳೇ ಮೆಸೇಜಿನಲ್ಲಿ. ಎಲ್ಲವೂ ಇತ್ತು, ಒಂದಕ್ಕೊಂದು ಗೊತ್ತಿರಲಿಲ್ಲ ಅಷ್ಟೆ. ಕೈಪಿಡಿಯ ಮೇಲೆ ಫೋನ್ ಹಿಡಿದರೆ ಉಳಿದದ್ದೆಲ್ಲ ಬರಬೇಕು ಅನ್ನೋದು ನನ್ನ ಆಸೆ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ರತಿ ಕಾಗದವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಆನ್‌ಲೈನ್ ಫೋಲ್ಡರಿಗೆ ಹಾಕಿದೆ, ಫೋಲ್ಡರಿನ ಲಿಂಕನ್ನು ಕ್ಯುಆರ್ ಮಾಡಿದೆ. ಲಿಂಕ್ ಸುಮಾರು 80 ಅಕ್ಷರ ಉದ್ದ. ಕೋಡ್ ಇರುವೆ ಮುತ್ತಿದ ಹಾಗೆ ಕಾಣುತ್ತಿತ್ತು, ಚಿಕ್ಕದಾಗಿ ಪ್ರಿಂಟ್ ಮಾಡಿದರೆ ಫೋನ್ ಓದುತ್ತಲೇ ಇರಲಿಲ್ಲ. ಸರಿ, ಲಿಂಕ್ ಚಿಕ್ಕದು ಮಾಡಿಕೊಡುವ ಒಂದು ಉಚಿತ ಸೇವೆ ಹಿಡಿದೆ. ಏಳೆಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಯಾವ ಸ್ಟಿಕ್ಕರ್ ತೋರಿಸಿದರೂ ‘ನಿಮ್ಮ ಪ್ಲಾನ್ ಬದಲಿಸಿಕೊಳ್ಳಿ’ ಅನ್ನುವ ಪುಟ! ಸ್ಕ್ಯಾನ್‌ಗಳು ಇದ್ದಲ್ಲೇ ಇದ್ದವು. ಅಲ್ಲಿಗೆ ಹೋಗುವ ದಾರಿ ಮಾತ್ರ ಬೇರೆಯವರ ಜಮೀನಿನಲ್ಲಿತ್ತು.

ಕೆರೆಯುವ ಕೆಲಸದ ಮಧ್ಯೆ ಕ್ಯುಆರ್ ಬಗ್ಗೆ ಸ್ವಲ್ಪ ಓದಿಕೊಂಡೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಅಂದರೆ ವಸ್ತುವಿನ ಮೇಲೆ ಅದರ ಗುರುತು, ವಿವರವೆಲ್ಲ ಲೆಕ್ಕದ ಪುಸ್ತಕದಲ್ಲಿ. ನಾನು ಮಾಡಿದ್ದು ಉಲ್ಟಾ, ಪೂರ್ತಿ ವಿಳಾಸವನ್ನೇ ಕಾಗದಕ್ಕೆ ಅಂಟಿಸಿದ್ದೆ.

ಎರಡನೇ ಸಲ ಸ್ಟಿಕ್ಕರಿನಲ್ಲಿ ಬರೀ ನಾಲ್ಕು ಅಂಕಿ ಇಟ್ಟೆ. 0001, 0002, ಹೀಗೆ. ಇದರಿಂದ ಕೋಡ್ ಎಷ್ಟು ಹಗುರವಾಯಿತು ನೋಡಿ. 80 ಅಕ್ಷರದ ಲಿಂಕಿಗೆ ಮಧ್ಯಮ ಮಟ್ಟದ ತಪ್ಪು ತಿದ್ದುವ ಶಕ್ತಿ (ಕೋಡ್ ಸ್ವಲ್ಪ ಹಾಳಾದರೂ ಓದಿಸುವ ವ್ಯವಸ್ಥೆ) ಇಟ್ಟರೂ ಅಡ್ಡಕ್ಕೆ 37, ಉದ್ದಕ್ಕೆ 37 ಚೌಕಗಳು ಬೇಕು. ಬರೀ ಅಂಕಿಯಾದರೆ ಎಲ್ಲಕ್ಕಿಂತ ಚಿಕ್ಕ ಕೋಡ್, ಅಂದರೆ ಅಡ್ಡಕ್ಕೆ 21, ಉದ್ದಕ್ಕೆ 21 ಚೌಕದ್ದು ಸಾಕು. ಅದರಲ್ಲಿ ‘ಎಚ್’ ಅನ್ನುವ ಗರಿಷ್ಠ ಮಟ್ಟ ಇಟ್ಟರೂ 17 ಅಂಕಿ ಹಿಡಿಸುತ್ತವೆ. ಆ ಮಟ್ಟದಲ್ಲಿ ಕೋಡಿನ ಸುಮಾರು 30% ಹಾಳಾದರೂ ಓದಬಹುದು. ಒಂದೂವರೆ ಸೆಂಟಿಮೀಟರ್ ಸ್ಟಿಕ್ಕರನ್ನು ನನ್ನ ಹಳೇ ಫೋನ್ ಕೂಡ ತಟ್ಟನೆ ಓದಿತು.

ಇನ್ನು ಉಳಿದದ್ದೆಲ್ಲ ಒಂದು ಸ್ಪ್ರೆಡ್‌ಶೀಟ್. ನಂಬರ್, ಅದೇನು ಅಂತ ನಾಲ್ಕೈದು ಪದ, ಕಾಗದ ಎಲ್ಲಿದೆ, ಸ್ಕ್ಯಾನ್ ಎಲ್ಲಿದೆ, ನೆನಪಿಡಬೇಕಾದ ತಾರೀಖು. ಸ್ಕ್ಯಾನ್ ಇಟ್ಟ ಫೋಲ್ಡರಿನ ಹೆಸರೂ ಅದೇ ನಂಬರಿನಿಂದ ಶುರು: ‘0142 ವಾಷಿಂಗ್ ಮಷಿನ್’. ಕೋಡ್ ಓದುವ ಆ್ಯಪ್ ನಂಬರನ್ನು ಕಾಪಿ ಮಾಡಿಕೊಡುತ್ತದೆ, ಅದನ್ನು ಹುಡುಕಿದರೆ ಫೋಲ್ಡರ್ ಸಿಗುತ್ತದೆ. ಲಿಂಕಿಗಿಂತ ಎರಡು ಸೆಕೆಂಡ್ ಜಾಸ್ತಿ ಹಿಡಿಯುತ್ತೆ, ನಿಜ. ಆದರೆ ನಾಳೆ ಎಲ್ಲವನ್ನೂ ಬೇರೆ ಕಡೆಗೆ ಸಾಗಿಸಿದರೆ ಸ್ಟಿಕ್ಕರನ್ನು ಮುಟ್ಟಬೇಕಿಲ್ಲ. ಕಾಗದ ಕಳೆದು ಯಾರ ಕೈಗೋ ಸಿಕ್ಕಿತು ಅಂತಿಟ್ಟುಕೊಳ್ಳಿ, 0142 ನೋಡಿ ಅವರಿಗೆ ಏನೂ ತಿಳಿಯುವುದಿಲ್ಲ. ಮೊದಲಿನ ಲಿಂಕ್‌ಗಳು ‘ಲಿಂಕ್ ಇದ್ದವರಿಗೆಲ್ಲ’ ತೆರೆದುಕೊಳ್ಳುತ್ತಿದ್ದವು. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತೆ.

ಕೋಡಿನ ಕೆಳಗೆ ಅದೇ ನಂಬರನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿದೆ. ಅದನ್ನು ನೋಡಿ ಹೆಂಡತಿ ಕೇಳಿದಳು, ‘ನಾಲ್ಕು ಅಂಕಿ ತಾನೆ? ಟೈಪ್ ಮಾಡಿದ್ರೆ ಆಯ್ತಲ್ವಾ, ಆ ಕಪ್ಪು ಚೌಕ ಯಾಕೆ ಬೇಕು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರದ ನಂತರ ನಾನೇ 0142ರ ಬದಲು 0124 ಅಂತ ಟೈಪ್ ಮಾಡಿ, ವಾಷಿಂಗ್ ಮಷಿನ್ನಿನ ಪತ್ರವನ್ನು ಮಿಕ್ಸರ್ ಫೋಲ್ಡರಿಗೆ ಸೇರಿಸಿದೆ. ಉತ್ತರ ಸಿಕ್ಕಿತು. ಆದರೂ ಅವಳು ಇವತ್ತಿಗೂ ಟೈಪೇ ಮಾಡುತ್ತಾಳೆ, ಒಂದು ಸಲವೂ ತಪ್ಪಿಲ್ಲ.

ಅಂಟಿಸುವುದರಲ್ಲೂ ಪಾಠ ಆಯಿತು. ನೋಡಲಿಕ್ಕೆ ಚೆಂದ ಅಂತ ಮೊದಲ ಹಾಳೆಯ ಸ್ಟಿಕ್ಕರ್‌ಗಳನ್ನು ಕಪ್ಪು ಅಂಚಿನವರೆಗೂ ಕತ್ತರಿಸಿದೆ. ಬಿಳಿ ಕಾಗದದ ಮೇಲೆ ಓದಿತು. ನೀಲಿ ಫೈಲಿನ ಮೇಲೆ ಅಂಟಿಸಿದ ಒಂದನ್ನೂ ಓದಲಿಲ್ಲ. ಕೋಡಿನ ಸುತ್ತ ನಾಲ್ಕು ಚೌಕದಷ್ಟು ಅಗಲ ಖಾಲಿ ಬಿಳಿ ಜಾಗ ಇರಲೇಬೇಕಂತೆ, ಇಲ್ಲದಿದ್ದರೆ ಕೋಡ್ ಎಲ್ಲಿ ಶುರುವಾಯಿತು ಅಂತ ಕ್ಯಾಮೆರಾಗೆ ತಿಳಿಯಲ್ಲ. ಫೈಲಿನ ದುಂಡು ಬೆನ್ನಿನ ಮೇಲೂ ಅಂಟಿಸಬೇಡಿ, ಕೋಡ್ ಬಾಗುತ್ತೆ. ಹೊಳೆಯುವ ಸ್ಟಿಕ್ಕರ್ ಹಾಳೆಯೂ ಬೇಡ. ಟ್ಯೂಬ್‌ಲೈಟ್ ಕೆಳಗೆ ಅದು ಕನ್ನಡಿಯೇ ಸರಿ.

ಮೂಲ ದಾಖಲೆಗಳ ಮೇಲೆ ಮಾತ್ರ ನಾನು ಏನನ್ನೂ ಅಂಟಿಸುವುದಿಲ್ಲ. ಅಂಕಪಟ್ಟಿ, ಆಸ್ತಿ ಪತ್ರ ಇಂಥವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಸ್ಟಿಕ್ಕರನ್ನು ಕವರಿಗೆ ಹಚ್ಚಿದೆ. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಜೆರಾಕ್ಸಿಗೆ ಅಂತ ಒಂದೇ ದಿನ ಮೂರು ಪತ್ರ ಹೊರಗೆ ತೆಗೆದು, ಬಂದು ಯಾವುದನ್ನೋ ಯಾವುದರಲ್ಲೋ ತುರುಕಿದೆ. ಈಗ ಪತ್ರದ ಹಿಂಬದಿ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ನಂಬರ್ ಬರೆದಿರುತ್ತೇನೆ. ಬೇಡವಾದರೆ ಉಜ್ಜಿದರೆ ಹೋಗುತ್ತೆ.

ಬಿಲ್ಲುಗಳದ್ದು ಬೇರೆ ಕಥೆ. ನುಣುಪಾದ ಥರ್ಮಲ್ ಕಾಗದದ ಬಿಲ್ಲಿನಲ್ಲಿ ಶಾಯಿಯೇ ಇರುವುದಿಲ್ಲ, ಬಿಸಿಗೆ ಕಾಗದವೇ ಕಪ್ಪಾಗುವುದು. ಅದಕ್ಕೇ ದಿನ ಕಳೆದಂತೆ ಅಕ್ಷರ ಮಾಸುತ್ತದೆ. ಅವನ್ನು ತಂದ ದಿನವೇ ಸ್ಕ್ಯಾನ್ ಮಾಡುತ್ತೇನೆ. ನನ್ನ ಹತ್ತಿರ ಒಂದು ಫ್ರಿಜ್ ಬಿಲ್ ಇದೆ, ಈಗ ಅದು ಬರೀ ಬಿಳಿ ಚೀಟಿ. ಅದರ ಮೇಲಿನ ಸ್ಟಿಕ್ಕರ್ ಮಾತ್ರ ಗಟ್ಟಿಯಾಗಿದೆ, ಸ್ಕ್ಯಾನ್ ಮಾಡಿದರೆ ಬಿಲ್ ಪೂರ್ತಿ ಬರುತ್ತೆ.

ಎನ್‌ಎಫ್‌ಸಿ ಚಿಪ್ಪಿನ ಸ್ಟಿಕ್ಕರ್‌ಗಳನ್ನೂ ಒಂದಷ್ಟು ತರಿಸಿದ್ದೆ. ಫೋನ್ ತಾಗಿಸಿದರೆ ಸಾಕು ಅನ್ನೋದು ಆಕರ್ಷಣೆ. ನಮ್ಮದು ಕಬ್ಬಿಣದ ಬೀರು, ಲೋಹದ ಮೇಲೆ ಸಾಮಾನ್ಯ ಚಿಪ್ ಕೆಲಸ ಮಾಡಲ್ಲ. ಅಲ್ಲಿಗೆ ಬಿಟ್ಟೆ.

ನೋಟ್‌ಬುಕ್ಕಿಗೆ ಪುಟಕ್ಕೊಂದು ಸ್ಟಿಕ್ಕರ್ ಹಾಕಲು ಹೋಗಿ ಸುಸ್ತಾದೆ. ಈಗ ಇಡೀ ಪುಸ್ತಕಕ್ಕೆ ಒಂದು ನಂಬರ್, ಪುಟಕ್ಕೆ ಪುಟಸಂಖ್ಯೆ. ‘0207-34’ ಅಂದರೆ 0207 ನಂಬರಿನ ಪುಸ್ತಕದ 34ನೇ ಪುಟ. ಮೀಟಿಂಗಿನ ಧ್ವನಿಮುದ್ರಣದ ಫೈಲಿಗೂ ಇದೇ ಹೆಸರು. ನನ್ನ ಕೈಬರಹವನ್ನು ಫೋನ್ ಓದಲಿ ಅಂತ ಕಾಯಲಿಲ್ಲ, ಕೆಲವು ಸಲ ನನಗೇ ಓದಲಿಕ್ಕಾಗಲ್ಲ. ಶೀಟಿನಲ್ಲಿ ನಾಲ್ಕೈದು ಪದ ಬರೆದಿಡುವುದು ಅದಕ್ಕೇ.

ಕಾಗದದಿಂದ ಫೋನಿಗೆ ಹೋಗುವ ದಾರಿಗೆ ಅಂತ ಇಷ್ಟೆಲ್ಲ ಮಾಡಿದ್ದು. ಆದರೆ ಜಾಸ್ತಿ ಉಪಯೋಗಕ್ಕೆ ಬಂದದ್ದು ವಾಪಸ್ ಬರುವ ದಾರಿ, ಆ ‘ಎಲ್ಲಿದೆ’ ಅನ್ನುವ ಕಾಲಮ್. ಹೋದ ತಿಂಗಳು ನಾನು ಊರಲ್ಲಿ ಇಲ್ಲದಾಗ ಮಗಳು ಫೋನ್ ಮಾಡಿದಳು. ‘ಅಪ್ಪಾ, ನನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿ ಒರಿಜಿನಲ್ಲೇ ಬೇಕಂತೆ, ಎಲ್ಲಿದೆ?’ ಶೀಟ್ ನೋಡಿದೆ. ‘ಬೀರು, ಎರಡನೇ ಖಾನೆ, ಹಸಿರು ಪೆಟ್ಟಿಗೆ, ನಂಬರ್ 0063.’ ಅತ್ತ ಬೀರು ತೆಗೆದ ಸದ್ದು, ಕವರ್‌ಗಳು ಸರಿದಾಡಿದ ಸದ್ದು. ‘63 ಇಲ್ಲಿದೆ. ಹಿಂದುಗಡೆ ಪೆನ್ಸಿಲಲ್ಲೂ 63 ಅಂತಾನೇ ಇದೆ’ ಅಂದು ಫೋನ್ ಇಟ್ಟಳು.