ಅವಲಂಬಿತ ಒಡಹುಟ್ಟಿದವರ ಹೊಣೆ: ಹಿಸ್ಸೆಗೆ ಕೂರುವ ಮೊದಲು

ಶಿರಸಿ, ಸಿದ್ದಾಪುರದ ಕಡೆ ಹಿಸ್ಸೆಯ, ಅಂದರೆ ಆಸ್ತಿ ಪಾಲಿನ, ಮಾತು ಹೆಚ್ಚಾಗಿ ಏಳುವುದು ಅಡಿಕೆ ಕೊಯ್ಲು ಮುಗಿದು, ಮನೆಯವರ ಕೈಯಲ್ಲಿ ಸ್ವಲ್ಪ ಬಿಡುವೂ ಹಣವೂ ಇರುವಾಗ. ತೋಟ ಯಾರಿಗೆ, ಗದ್ದೆ ಯಾರಿಗೆ, ಬೆಟ್ಟ ಹೇಗೆ ಎಂಬುದೆಲ್ಲ ಇತ್ಯರ್ಥವಾದ ಮೇಲೆ ಯಾರೋ ಒಬ್ಬರು ದನಿ ತಗ್ಗಿಸಿ "ಅವನನ್ನು ಯಾರು ನೋಡಿಕೊಳ್ಳುವುದು?" ಎಂದು ಕೇಳುತ್ತಾರೆ. ಬುದ್ಧಿ ಬೆಳವಣಿಗೆ ಕುಂಠಿತವಾದ ತಮ್ಮನೋ, ಮಾನಸಿಕ ಕಾಯಿಲೆಯಿಂದ ದುಡಿಯಲಾರದ ಅಣ್ಣನೋ, ಮದುವೆಯಾಗದೆ ತವರಿನಲ್ಲೇ ಉಳಿದ ಅಕ್ಕನೋ ಆ ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಕುಳಿತಿರುತ್ತಾರೆ. ಕೊನೆಗೆ ಬರುವ ಈ ಪ್ರಶ್ನೆಯನ್ನು ಮೊದಲಿಗೆ ತರಬೇಕು. ಹಾಗೆ ತರುವುದಕ್ಕೆ ಕಾಯ್ದೆಯಲ್ಲೇ ಕಾರಣವಿದೆ.

ಹಳೆಯ ಧರ್ಮಶಾಸ್ತ್ರವು ಕುರುಡರು, ಹೆಳವರು, ಬುದ್ಧಿ ಸ್ವಾಧೀನವಿಲ್ಲದವರು ಮುಂತಾದವರಿಗೆ ಪಾಲು ನಿರಾಕರಿಸಿ, ಅವರ ಪೋಷಣೆಯನ್ನು ಮಾತ್ರ ಕುಟುಂಬದ ಮೇಲೆ ಕಡ್ಡಾಯವಾಗಿ ಹೊರಿಸಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ಇದನ್ನು ಬದಲಿಸಿ, ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಯಾರೂ ಆಸ್ತಿಗೆ ಅನರ್ಹರಾಗುವುದಿಲ್ಲ ಎಂದಿತು. ಆದರೆ ಅದೇ ವರ್ಷದ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿ, ವಿಧವೆ ಸೊಸೆ ಇವರನ್ನು ಹೆಸರಿಸಿತೇ ಹೊರತು ಅಣ್ಣ ತಮ್ಮ ಅಕ್ಕ ತಂಗಿಯರನ್ನು ಹೆಸರಿಸಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಜೀವನಾಂಶದ ಮಾತಾಡುವ 144ನೇ ಕಲಮಿನಲ್ಲೂ ಅವರಿಲ್ಲ. ಅಂದರೆ ಹಿಂದೆ ಅನ್ನವಿತ್ತು, ಪಾಲಿರಲಿಲ್ಲ. ಈಗ ಪಾಲಿದೆ, ಆದರೆ ಒಡಹುಟ್ಟಿದವನಿಂದ ಅನ್ನ ಕೇಳುವ ನೇರ ಹಕ್ಕಿಲ್ಲ. ಹಾಗಾಗಿ ಅವಲಂಬಿತನ ಪಾಲನ್ನು ಉಳಿಸುವುದೇ ಅವನ ಅನ್ನವನ್ನು ಉಳಿಸುವ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರಿಂದ ಮೊದಲ ಕೆಲಸ ಯಾವುದೆಂಬುದು ತಾನಾಗಿ ತಿಳಿಯುತ್ತದೆ: ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬಾರದು. "ಹೇಗೂ ನಾವೇ ನೋಡಿಕೊಳ್ಳುವವರಲ್ಲವೇ" ಎಂಬ ಮಾತು ಆಡುವಾಗ ನಿಜವೇ ಇರಬಹುದು. ಹತ್ತು ವರ್ಷದ ನಂತರ ಆ ತೋಟ ಅಣ್ಣನ ಮಕ್ಕಳ ಕೈಗೆ ಬಂದಾಗ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ವ್ಯವಹಾರ ತಿಳಿಯುವಷ್ಟು ಬುದ್ಧಿ ಸ್ವಾಧೀನವಿಲ್ಲದವರು ಮಾಡಿಕೊಟ್ಟ ಪತ್ರವು 1872ರ ಕರಾರು ಕಾಯ್ದೆಯ ಪ್ರಕಾರ ನಿಲ್ಲುವುದೂ ಇಲ್ಲ. ಸಹೋದರಿಯರ ವಿಷಯದಲ್ಲಿ 2005ರ ತಿದ್ದುಪಡಿಯ ನಂತರ, ಅದರಲ್ಲೂ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2020ರ ತೀರ್ಪಿನ ನಂತರ, ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬುದರಲ್ಲಿ ಸಂಶಯ ಉಳಿದಿಲ್ಲ. ಅಂಕೋಲಾ, ಕುಮಟಾದ ಕಡೆ ಗೇಣಿದಾರ ಕುಟುಂಬಗಳಿಗೆ ಭೂಸುಧಾರಣೆಯಲ್ಲಿ ಬಂದ ಜಮೀನಿನ ಪಹಣಿಯಲ್ಲಿ ಹಿರಿಯಣ್ಣನ ಹೆಸರೊಂದೇ ಇರುವುದುಂಟು. ಗೇಣಿ ಇಡೀ ಮನೆಗೆ ಸೇರಿದ್ದಾಗಿದ್ದರೆ ಹೆಸರು ಒಂದೇ ಇದೆ ಎಂದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ, ಆದ್ದರಿಂದ ಹಳೆಯ ಗೇಣಿ ದಾಖಲೆಗಳನ್ನು ತೆಗೆಸಿ ನೋಡಬೇಕು.

ಮದುವೆಯಾಗದ ಅಕ್ಕತಂಗಿಯರಿಗೆ ಇನ್ನೊಂದು ಆಸರೆಯೂ ಇದೆ. ಅವಿವಾಹಿತ ಮಗಳು ಮೃತ ತಂದೆಯ ಅವಲಂಬಿತಳೆಂದು ಜೀವನಾಂಶ ಕಾಯ್ದೆಯ 21ನೇ ಕಲಮು ಹೇಳುತ್ತದೆ. ತಂದೆಯ ಮರಣಪತ್ರದಿಂದ ಆಸ್ತಿಯೆಲ್ಲ ಗಂಡುಮಕ್ಕಳಿಗೆ ಹೋಗಿ ಅವಳಿಗೆ ಏನೂ ದಕ್ಕದಿದ್ದರೆ, ಆ ಆಸ್ತಿ ಪಡೆದವರು ತಮಗೆ ಬಂದ ಪಾಲಿನ ಮಿತಿಯೊಳಗೆ ಅವಳನ್ನು ಪೋಷಿಸಬೇಕು. ವಯಸ್ಕ ಅಂಗವಿಕಲ ಮಗನಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಅಲ್ಲಿರುವುದು ಅಪ್ರಾಪ್ತ ವಯಸ್ಸಿನ ಮಗ ಮಾತ್ರ. ಆದ್ದರಿಂದ ಅಂಥ ಮಗನಿರುವ ತಂದೆತಾಯಿ ಸ್ವಯಾರ್ಜಿತದ ಮರಣಪತ್ರ ಬರೆಯುವಾಗ ಅವನ ಹೆಸರನ್ನು ಬಿಡುವುದು ತೀರಾ ಅಪಾಯದ ಕೆಲಸ. ಮುಂಬಯಿಯಲ್ಲೋ ಗೋವಾದಲ್ಲೋ ದುಡಿದು ತಿಂಗಳು ತಿಂಗಳು ತಂಗಿಗೆ ಹಣ ಕಳಿಸುವ ಅಣ್ಣನೂ ಮರಣಪತ್ರ ಬರೆದಿಡಬೇಕು. ಹೆಂಡತಿ ಮಕ್ಕಳಿರುವಾಗ ಅವನ ಆಸ್ತಿಗೆ ಒಡಹುಟ್ಟಿದವರು ವಾರಸುದಾರರಾಗುವುದಿಲ್ಲ.

ಇನ್ನು ಪತ್ರದ ಮಾತು. ಪೋಷಣೆಯ ಹಕ್ಕು ತಾನಾಗಿಯೇ ಜಮೀನಿನ ಮೇಲೆ ಕೂರುವುದಿಲ್ಲ. ಮರಣಪತ್ರ, ನ್ಯಾಯಾಲಯದ ಡಿಕ್ರಿ ಅಥವಾ ಪರಸ್ಪರ ಒಪ್ಪಂದದಿಂದ ಅದನ್ನು ಬೋಜಾ, ಅಂದರೆ ಜಮೀನಿನ ಮೇಲಿನ ಋಣಭಾರ, ಆಗಿ ಹೇರಬೇಕು. ಹಿಸ್ಸೆಪತ್ರದಲ್ಲಿ ಯಾವ ಸರ್ವೆ ನಂಬರಿನ ಮೇಲೆ, ವರ್ಷಕ್ಕೆ ಎಷ್ಟು, ಮನೆಯ ಯಾವ ಕೋಣೆ, ಔಷಧಿಯ ಖರ್ಚು ಯಾರದು ಎಂದು ಬಿಡಿಸಿ ಬರೆದು, ನೋಂದಣಿ ಮಾಡಿಸಿ, ಪಹಣಿಯ 11ನೇ ಕಾಲಮಿನಲ್ಲಿ ನಮೂದಿಸಲು ಅರ್ಜಿ ಕೊಡಬೇಕು. "ಜೀವನಪರ್ಯಂತ ಅನ್ನವಸ್ತ್ರ" ಎಂದಷ್ಟೇ ಬರೆದರೆ ಜಗಳಕ್ಕೆ ದಾರಿ ಮಾಡಿಕೊಟ್ಟಂತೆ. ಊಟಕ್ಕೆ ಕರೆಯುವುದೇ ಮರೆತುಹೋಗುವ ಮನೆಗಳನ್ನು ನಾನು ನೋಡಿದ್ದೇನೆ.

ನಮ್ಮ ಚಿಕ್ಕಪ್ಪ ಹಾಗೆ ಮನೆಯಲ್ಲಿ ಉಳಿದವರು. ಮಾತು ಕಡಿಮೆ, ಲೆಕ್ಕ ಬಾರದು. ಸುಗ್ಗಿಯಲ್ಲಿ ಮಾತ್ರ ರಾತ್ರಿ ಹತ್ತರವರೆಗೆ ಜಗುಲಿಯಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಬೆರಳೆಲ್ಲ ಚೊಗರಿಗೆ ಕಪ್ಪಾಗಿರುತ್ತಿತ್ತು. ಪಕ್ಕದಲ್ಲಿ ಕುಳಿತವರಿಗೆ ಡಬ್ಬಿಯ ಲೆಕ್ಕದಲ್ಲಿ ಕೂಲಿ ಸಲ್ಲುತ್ತಿತ್ತು, ಅವರಿಗೆ ಇಲ್ಲ. ಹಿಸ್ಸೆಯ ದಿನ ದೊಡ್ಡಪ್ಪ "ಇಷ್ಟು ವರ್ಷ ಸಾಕಿದ್ದೇವೆ" ಎಂದಾಗ ಅಮ್ಮ, "ಭಾವ, ಸುಲಿದ ಅಡಿಕೆಯ ಲೆಕ್ಕವನ್ನೂ ಒಮ್ಮೆ ಹಾಕಿ" ಎಂದಿದ್ದಳು. ಆ ಮೇಲೆ ಯಾರೂ ಮಾತಾಡಲಿಲ್ಲ. ಚಿಕ್ಕಪ್ಪನ ಪಾಲು ಬೇರೆಯೇ ನಿಂತಿತು. ನೈತಿಕ ಹೊಣೆಯನ್ನು ದಯೆಯ ಲೆಕ್ಕಕ್ಕೆ ಸೇರಿಸುವವರು ಕೊಟ್ಟಿಗೆ, ಅಂಗಳ, ಅಡುಗೆಮನೆಗಳಲ್ಲಿ ಸಂದಾಯವಾಗದೆ ಉಳಿದ ಇಂಥ ಕೂಲಿಯನ್ನು ಮೊದಲು ಎಣಿಸಬೇಕು.

ಪಾಲು ಬೇರೆಯಾದ ಮೇಲೆ ಅದನ್ನು ನೋಡಿಕೊಳ್ಳುವವರು ಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕರನ್ನು ನೇಮಿಸುವುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ಕೆಲಸವಾದ್ದರಿಂದ ನಮ್ಮವರು ಕಾರವಾರಕ್ಕೆ ಹೋಗಬೇಕು. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಆಮೇಲೆ ವರ್ಷ ವರ್ಷವೂ ಲೆಕ್ಕವನ್ನೂ ಒಪ್ಪಿಸಬೇಕು. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಈ ಕಾಯ್ದೆಗೆ ಸೇರುವುದಿಲ್ಲ. ಅಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೀಮಿತ ಪಾಲಕತ್ವ ಮಾತ್ರ ದೊರೆಯುತ್ತದೆ, ಅದೂ ನಿರ್ದಿಷ್ಟ ವ್ಯವಹಾರಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯನ್ನು ಕೇಳಿಕೊಂಡು. ಹಿಸ್ಸೆಯಲ್ಲಿ ಎದುರು ಪಾಲುದಾರನಾದ ಅಣ್ಣನೇ ಪಾಲಕನಾಗುವುದು ಸರಿಯಲ್ಲ, ಸೋದರಮಾವನಂಥವರು ಮೇಲು.

ಸರ್ಕಾರದ ನೆರವು ಪಡೆಯುವುದಕ್ಕೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡೇ ಬುನಾದಿ. ಅದಾದ ಮೇಲೆ ನಾಡಕಚೇರಿಯಲ್ಲಿ ಅಂಗವಿಕಲ ವೇತನಕ್ಕೆ, ಬಡ ಅವಿವಾಹಿತ ಅಕ್ಕನಾದರೆ ಮನಸ್ವಿನಿ ಮಾಸಾಶನ ಯೋಜನೆಗೆ ಅರ್ಜಿ ಹಾಕಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅಂಗವಿಕಲ ಒಡಹುಟ್ಟಿದವರ ಪೋಷಣೆಗಾಗಿ 75,000 ರೂಪಾಯಿ, ತೀವ್ರ ವೈಕಲ್ಯವಾದರೆ 1,25,000 ರೂಪಾಯಿ ತೆರಿಗೆಯ ಆದಾಯದಲ್ಲಿ ಕಡಿತ ಸಿಗುತ್ತದೆ. ಜೀವನಾಂಶ ಕಾಯ್ದೆ ಗುರುತಿಸದ ತಮ್ಮನನ್ನು ತೆರಿಗೆ ಕಾಯ್ದೆ ಗುರುತಿಸುತ್ತದೆ ಎಂಬುದು ವಿಚಿತ್ರವೇ ಸರಿ.

ಮನೆಯವರು ಒಪ್ಪದಿದ್ದರೆ ಪಾಲಿನ ದಾವೆಯೊಂದೇ ಉಳಿಯುವ ದಾರಿ. ಮಹಿಳೆಯರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡಬೇಕೆಂಬ ನಿಯಮವಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಹೋಗುವಾಗ ಪಹಣಿ, ವಂಶವೃಕ್ಷ, ಹಳೆಯ ಹಿಸ್ಸೆಪತ್ರವಿದ್ದರೆ ಅದರ ನಕಲು ಮತ್ತು ವೈದ್ಯರ ಪ್ರಮಾಣಪತ್ರ ಜೊತೆಯಲ್ಲಿರಲಿ.